ಮಕ್ಕಳನ್ನು ತಡಿಯಂಡಮೋಳ್‌ಗೆ ಕರೆದೊಯ್ದವರು ಅನುಭವ ಹೇಳಿ

ಮಡಿಕೇರಿ ಶಿಕ್ಷಕಿ: ಒಂಬತ್ತನೆಯ ತರಗತಿಯ 28 ಮಕ್ಕಳನ್ನು ನವೆಂಬರ್‌ನಲ್ಲಿ ತಡಿಯಂಡಮೋಳ್ ಬೆಟ್ಟಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಹತ್ತಿಸಿ ಇಳಿಸಿದರೆ ಸಾಲದು, ಕಾಡಿನಲ್ಲಿ ಹೇಗಿರಬೇಕೆಂದು ಅವರಿಗೆ ತಿಳಿಯಬೇಕು. ಹೋಗಿ ಬಂದವರು ಏನು ಮಾಡಿದಿರಿ, ಎಲ್ಲಿ ಎಡವಿದಿರಿ?

ವಿರಾಜಪೇಟೆ ಮೇಷ್ಟ್ರು: ಕಳೆದ ಅಕ್ಟೋಬರ್‌ನಲ್ಲಿ 34 ಮಕ್ಕಳೊಂದಿಗೆ ಹೋಗಿದ್ದೆ. ಬಸ್ಸಿಗೆ 11,500 ರೂಪಾಯಿ, ದಾರಿ ತೋರಿಸಿದವರಿಗೆ 1,500, ಕಡಲೆ, ಬೆಲ್ಲ, ಬಾಳೆಹಣ್ಣಿಗೆ 1,640, ಉಪ್ಪಿಗೆ 60. ಬೆಟ್ಟದ ಬುಡದ ನಾಲ್ಕುನಾಡು ಅರಮನೆಯ ಕಡೆಯ ಏರು ದಾರಿಗೆಂದು ಚಾಲಕ ಮತ್ತೆ 800 ಕೇಳಿದ. ಅದು ನನ್ನ ಜೇಬಿನಿಂದಲೇ ಹೋಯಿತು. ಪ್ಲಾಸ್ಟಿಕ್ ಬೇಡವೆಂದು ಮನೆಮನೆಗೆ ಚೀಟಿ ಕಳಿಸಿದ್ದೆ. ನಾಲ್ಕುನಾಡು ಅರಮನೆಯ ಬಳಿ ಚೀಲ ಬಿಚ್ಚಿಸಿದರೆ 71 ಚಿಪ್ಸ್ ಪೊಟ್ಟಣ! ಹೆಸರು ಹಿಡಿದು ಬರೆದುಕೊಂಡೆ. ಇಳಿದ ಮೇಲೆ ಖಾಲಿ ಪೊಟ್ಟಣ ಎಣಿಸಿದರೆ 70. ಆ ಒಂದಕ್ಕಾಗಿ ಇಬ್ಬರು ಹುಡುಗರನ್ನು ಕರೆದುಕೊಂಡು ದೊಡ್ಡ ಬಂಡೆಯವರೆಗೆ ಮತ್ತೆ ಹತ್ತಿದೆ. ಬಸ್ ಒಂದೂವರೆ ಗಂಟೆ ಕಾಯಿತು, ಪೋಷಕರು ಫೋನಿನಲ್ಲಿ ಬೈದರು. ಪೊಟ್ಟಣ ಸಿಕ್ಕಿತು. ಬೈಸಿಕೊಂಡದ್ದಕ್ಕೆ ಬೇಸರವಿಲ್ಲ.

ಕಕ್ಕಬ್ಬೆ ತೋಟದವ: ನಿಮ್ಮದು ಒಂದು ಪೊಟ್ಟಣ, ಸಂತೋಷ. ಪ್ರತಿ ಸೋಮವಾರ ನಮ್ಮ ತೋಡಿನಿಂದ, ಅಂದರೆ ಹಳ್ಳದಿಂದ, ಉಳಿದವನ್ನು ಹೆಕ್ಕುವವನು ನಾನು. 1748 ಮೀಟರ್ ಎತ್ತರದ ಬೆಟ್ಟ ಹತ್ತದಿದ್ದರೆ ಕಾಡು ಅರ್ಥವಾಗುವುದಿಲ್ಲವೇ? ಮಗಳ ತರಗತಿಯನ್ನು ನಾನು ಊರಿನ ದೇವರಕಾಡಿಗೆ ಕರೆದೊಯ್ದೆ. ಖರ್ಚು ಸೊನ್ನೆ. ಅಲ್ಲಿ ಒಣಗಿ ಬಿದ್ದ ಕೊಂಬೆಯನ್ನೂ ನಮ್ಮವರು ಮನೆಗೆ ತರುವುದಿಲ್ಲ. ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಪಾಚಿ ಹಿಡಿದು ಕುಳಿತಿವೆ. ಅರ್ಧ ಗಂಟೆ ಮಾತಿಲ್ಲದೆ ಕೂರಿಸಿದೆ. ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದ ಸದ್ದಿಗೆ ಒಬ್ಬ ಹುಡುಗ ರೈಲು ಬಂತೇ ಎಂದ. ಕೊಡಗಿನಲ್ಲಿ ರೈಲು!

ವಿರಾಜಪೇಟೆ ಮೇಷ್ಟ್ರು: ನಿಮ್ಮ ಕಡೆಯ ಹೋಂಸ್ಟೇಗಳಲ್ಲಿ ರಾತ್ರಿ ಹನ್ನೊಂದಕ್ಕೆ ಹಾಡು ಹಾಕುತ್ತಾರಲ್ಲ, ಅದೂ ದೇವರಕಾಡಿನ ಸೇವೆಯೋ?

ಕಕ್ಕಬ್ಬೆ ತೋಟದವ: ಹೋಂಸ್ಟೇ ನನ್ನದಲ್ಲ. ನನಗೂ ನಿದ್ದೆಯಿಲ್ಲ. ಬಸ್ಸು ತುಂಬಿಸಿಕೊಂಡು ಬರುವವರು ಆ ಮಾತು ಆಡಬೇಡಿ.

ಸೋಮವಾರಪೇಟೆ ಅಕ್ಕ: ಮೇಷ್ಟ್ರೇ, ಆ 60 ರೂಪಾಯಿಯ ಉಪ್ಪು ಯಾತಕ್ಕೆ? ಕಚ್ಚಿದ ಇಂಬಳದ (ರಕ್ತ ಹೀರುವ ಜಿಗಣೆ) ಮೇಲೆ ಉಪ್ಪು ಸುರಿದರೆ ಅದು ಕುಡಿದದ್ದನ್ನು ಗಾಯಕ್ಕೇ ಕಾರುತ್ತದೆ. ಹಾಗೆ ಮಾಡಿಯೇ ನನ್ನ ಮಗನ ಕಾಲು ಕೀವು ತುಂಬಿತು. ಮೂರು ಸಲ ಆಸ್ಪತ್ರೆ, 2,350 ರೂಪಾಯಿ, ಅರ್ಧವಾರ್ಷಿಕ ಪರೀಕ್ಷೆಯ ಎರಡು ಪತ್ರಿಕೆ ಹೋಯಿತು. ಚರ್ಮಕ್ಕೆ ಉಗುರು ಒತ್ತಿ ಇಂಬಳವನ್ನು ಅದರ ಬಾಯಿಯ ಕಡೆಯಿಂದ ಜಾರಿಸಿದರೆ ಬಿಡುತ್ತದೆ. ಇಂಬಳವನ್ನು ಕೊಲ್ಲುತ್ತ ಕಾಡಿನ ಪಾಠ ಹೇಳುವುದು ಚೆನ್ನಾಗಿದೆ!

ಕುಶಾಲನಗರದ ಅಪ್ಪ: ಇಂಬಳ ಬಿಡಿ, ಆನೆಯ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಮಗಳ ಶಿಬಿರಕ್ಕೆ 4,200 ಕಟ್ಟಿದ್ದೆ. ಬೆಳಿಗ್ಗೆ ಆರಕ್ಕೆ ಕಾಫಿ ತೋಟದ ದಾರಿಯಲ್ಲಿ ನಡೆಸಿದ್ದಾರೆ, ಹಸಿ ಲದ್ದಿಯ ಪಕ್ಕದಲ್ಲೇ ಫೋಟೋಕ್ಕೆ ನಿಲ್ಲಿಸಿದ್ದಾರೆ. ತಿರುವಿನ ಆಚೆಗೇ ಆನೆ. ಓಡುವಾಗ ಅವಳ ಮಂಡಿ ಒಡೆಯಿತು, ಕನ್ನಡಕ ಹೋಯಿತು, ಅದಕ್ಕೆ 1,900. ಶಿಬಿರದವರು ಒಂದು ಪೈಸೆ ಹಿಂದಿರುಗಿಸಲಿಲ್ಲ.

ಕಕ್ಕಬ್ಬೆ ತೋಟದವ: ಆರು ಗಂಟೆಗೆ ನಾವೇ ತೋಟಕ್ಕೆ ಇಳಿಯುವುದಿಲ್ಲ. ಯಾರನ್ನು ಕೇಳಿ ನಡೆಸಿದರಂತೆ?

ವಿರಾಜಪೇಟೆ ಮೇಷ್ಟ್ರು: ಅಕ್ಕಾ, ಉಪ್ಪು ಕಾಲುಚೀಲಕ್ಕೆ ಉಜ್ಜಲು, ಇಂಬಳ ಹತ್ತದಿರಲಿ ಎಂದು. 34 ಮಕ್ಕಳ ಕಾಲ ಬಳಿ ಉಗುರು ಹಿಡಿದು ನಾನೊಬ್ಬನೇ ನಿಲ್ಲಲೇ?

ಸೋಮವಾರಪೇಟೆ ಅಕ್ಕ: ನಿಲ್ಲಬೇಕು. 41 ಮಕ್ಕಳಿಗೆ ನಾನು ನಿಂತಿದ್ದೇನೆ, ಮಳೆಯಲ್ಲಿ.