ಹಳ್ಳಿ ದವಾಖಾನೆಗೆ ರೋಬೋಟ್ ತರಿಸಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಇಂಡಿ ತಾಲ್ಲೂಕು): ಊರಿನ ಟ್ರಸ್ಟ್ ದವಾಖಾನೆಗೆ ದಾನಿಯೊಬ್ಬರು ರೋಬೋಟ್ ಕೊಡಿಸಲು ಮುಂದೆ ಬಂದಿದ್ದಾರೆ. ಡಾಕ್ಟರು ಸೊಲ್ಲಾಪುರದಲ್ಲೇ ಕುಳಿತು ಅದನ್ನು ಓಡಾಡಿಸಿ ಪೇಷಂಟ್ ನೋಡಬಹುದಂತೆ. ಮುಂದೆ ಆಪರೇಷನ್ನೂ ಮಾಡಬಹುದು ಅಂತಾರೆ. ನಮ್ಮಂಥ ಕಡೆ ನಡೆಯುತ್ತಾ?

ಬೆಳಗಾವಿ, ಆಸ್ಪತ್ರೆ ಮಷೀನ್ ರಿಪೇರಿ ಕೆಲಸ: ಅಣ್ಣಾವ್ರೇ, ಆಪರೇಷನ್ ಮಾತು ಸದ್ಯ ಬಿಡಿ. ದೂರದಿಂದ ಆಗಿದ್ದು ನಿಜ. 2001ರಲ್ಲಿ ಡಾ. ಜಾಕ್ ಮಾರೆಸ್ಕೊ ನ್ಯೂಯಾರ್ಕಿನಲ್ಲಿ ಕುಳಿತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಹೆಣ್ಣುಮಗಳೊಬ್ಬರ ಪಿತ್ತಕೋಶ ತೆಗೆದರು. ಅದಕ್ಕೆಂದೇ ಮೀಸಲಾದ ಫೈಬರ್ ಲೈನ್ ಇತ್ತು. ಕೈ ಆಡಿಸಿದ್ದು ಪರದೆ ಮೇಲೆ ಕಾಣಲು ಸುಮಾರು 155 ಮಿಲಿಸೆಕೆಂಡ್, ಅಷ್ಟೇ. 2018ರಲ್ಲಿ ಡಾ. ತೇಜಸ್ ಪಟೇಲ್ ಗಾಂಧಿನಗರದಿಂದ, ಸುಮಾರು 32 ಕಿ.ಮೀ. ದೂರದ ಅಹಮದಾಬಾದಿನ ಪೇಷಂಟ್‌ಗಳಿಗೆ ಸ್ಟೆಂಟ್ ಹಾಕಿದರು. ಎರಡೂ ಸಲ ಪೇಷಂಟ್ ಪಕ್ಕದಲ್ಲಿ ಪೂರ್ತಿ ಟೀಮ್ ಇತ್ತು. ಲೈನ್ ಕೈಕೊಟ್ಟರೆ ಮುಂದುವರಿಸಲು ಡಾಕ್ಟರೂ ಅಲ್ಲೇ ಇದ್ದರು. ನಿಮ್ಮ ದವಾಖಾನೆಯಲ್ಲಿ ಅವರನ್ನು ಎಲ್ಲಿಂದ ತರ್ತೀರಿ?

ಬಾಗಲಕೋಟೆ, ಸ್ಟಾಫ್ ನರ್ಸ್: ನಮ್ಮಲ್ಲಿ ಇಂಥದ್ದೊಂದು ಗಾಲಿ ರೋಬೋಟನ್ನು ಟ್ರಯಲ್‌ಗೆ ತಂದಿದ್ದರು. ಪರದೆ, ಕ್ಯಾಮೆರಾ, ಸ್ಪೀಕರ್ ಎಲ್ಲ ಇತ್ತು. ನೆಲಕ್ಕೆ ಹಾಸಿದ ಪರಸಿ ಕಲ್ಲಿನ ಸಂದಿಗೆ ಗಾಲಿ ಸಿಕ್ಕಿ ಚಿತ್ರ ಅಲುಗಾಡುತ್ತಿತ್ತು. ಹೊಸ್ತಿಲು ಬಂದರೆ ನಾವೇ ಎತ್ತಿ ದಾಟಿಸಬೇಕು. ಆದರೂ ಉಪಯೋಗ ಆಯ್ತು ನೋಡ್ರಿ. ಕಾಲು ಬಾತ ಅಜ್ಜಿಯೊಬ್ಬರು ಬಂದಿದ್ದರು. ಡಾಕ್ಟರು ಹೇಳಿದಂತೆ ಅವರ ಕಣಕಾಲಿನ ಹತ್ತಿರ ಹೆಬ್ಬೆರಳಿಂದ ಒತ್ತಿ ಬಿಟ್ಟೆ. ಕುಳಿ ಬಿತ್ತು, ಬೇಗ ತುಂಬಲಿಲ್ಲ. ಅದನ್ನು ಕ್ಯಾಮೆರಾದಲ್ಲಿ ನೋಡಿದರು. ನಾನು ಡಿಜಿಟಲ್ ಸ್ಟೆತಸ್ಕೋಪ್ ಬೆನ್ನಿಗೆ ಇಟ್ಟೆ, ಅವರು ಅಲ್ಲಿಂದ ಕೇಳಿದರು. "ಇವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸಿ" ಅಂದರು.

ಇದರಲ್ಲಿ ಗಾಲಿಯ ಕೆಲಸ ಏನೂ ಇರಲಿಲ್ಲ, ಅಲ್ವಾ? ಬೇಕಾಗಿದ್ದು ಒಳ್ಳೆ ಕ್ಯಾಮೆರಾ, ಸ್ಟೆತಸ್ಕೋಪ್, ಎಲ್ಲಿ ಒತ್ತಬೇಕು ಎಲ್ಲಿ ಇಡಬೇಕು ಗೊತ್ತಿರುವ ನರ್ಸ್. ದಾನಿಗಳಿಗೆ ಇದನ್ನೇ ಹೇಳಿ. ಆ ದುಡ್ಡಲ್ಲಿ ಇವನ್ನು ಕೊಡಿಸಿ, ಒಬ್ಬ ನರ್ಸ್‌ಗೆ ತರಬೇತಿ, ಸಂಬಳ ಕೊಡಲಿ. ರೋಬೋಟೇ ಬೇಕು ಅಂದರೆ ಡೆಮೊ ನಿಮ್ಮ ದವಾಖಾನೆಯಲ್ಲೇ ಮಾಡಿಸಿ, ಶೋರೂಮಿನಲ್ಲಿ ಬೇಡ.

ವಿಜಯಪುರ: ಅಕ್ಕಾವ್ರು ಹೇಳಿದ್ದು ಸರಿ. ಇನ್ವರ್ಟರ್‌ಗೆ ರೂಟರನ್ನೂ ಸೇರಿಸಿ, ಕರೆಂಟ್ ಹೋದರೆ ಮೊದಲು ನೆಟ್ ಹೋಗುತ್ತದೆ. ಸಣ್ಣಪುಟ್ಟದಕ್ಕೆ ಸರ್ಕಾರದ ಇ-ಸಂಜೀವನಿ (ನೆಟ್ ಮೂಲಕ ಡಾಕ್ಟರ ಸಲಹೆ ಕೊಡುವ ಸೇವೆ) ಪುಕ್ಕಟೆ ಇದೆ. ಎದೆನೋವು, ಲಕ್ವ ಬಂದರೆ ಪರದೆ ಮುಂದೆ ಕೂರಿಸಬೇಡಿ, 108ಕ್ಕೆ ಫೋನ್ ಮಾಡಿ.