ಕ್ರಿಟೇಶಿಯಸ್–ಪೇಲಿಯೋಜೀನ್ ಗಡಿ: ಮೇಲಿನ ಸ್ಯಾಂಪಲ್‌ಗಳು 63 ಮೈಕ್ರಾನ್ ಜರಡಿಯಲ್ಲಿ ಖಾಲಿ

ಪ್ರಶ್ನೆ
ಮಾರ್ಲ್ (ಸುಣ್ಣ ಬೆರೆತ ಜೇಡಿ) ಪದರಗಳಿಂದ 10 ಸೆಂ.ಮೀ.ಗೊಂದರಂತೆ ತೆಗೆದ ಸ್ಯಾಂಪಲ್‌ಗಳು. ಕೆಳಗಿನವುಗಳಲ್ಲಿ ಗ್ಲೋಬೋಟ್ರಂಕಾನಾ, ಸೂಡೋಟೆಕ್ಸ್ಟುಲೇರಿಯಾ ಎಂಬ ಕ್ರಿಟೇಶಿಯಸ್ ಫೊರಾಮ್‌ಗಳು (ಫೊರಾಮಿನಿಫೆರಾ, ಚಿಪ್ಪಿರುವ ಏಕಕೋಶ ಜೀವಿಗಳು) ಧಾರಾಳ. ಮೇಲೆ ಹೋದಂತೆ 63 ಮೈಕ್ರಾನ್ ಜರಡಿಯಲ್ಲಿ ಹೆಚ್ಚುಕಮ್ಮಿ ಏನೂ ಉಳಿಯುವುದಿಲ್ಲ, ಆದರೂ ಅಲ್ಲೊಂದು ಇಲ್ಲೊಂದು ಗ್ಲೋಬೋಟ್ರಂಕಾನಾ ಕಾಣುತ್ತದೆ. ಕೊನೆಯ ಗ್ಲೋಬೋಟ್ರಂಕಾನಾ ಸಿಕ್ಕಲ್ಲಿ ಗಡಿ (ಡೈನೋಸಾರ್‌ಗಳೂ ಅಳಿದ ಸಾಮೂಹಿಕ ಅಳಿವಿನ ಗುರುತು) ಎಳೆಯಬಹುದೇ?

ಉತ್ತರ 1
ಬೇಡ. ಮೊದಲು ಜರಡಿ ಬದಲಿಸಿ. ಅಳಿವಿನ ನಂತರ ಬಂದ ಡೇನಿಯನ್ (ಪೇಲಿಯೋಜೀನ್‌ನ ಮೊದಲ ಹಂತ) ಫೊರಾಮ್‌ಗಳು ಬಲು ಚಿಕ್ಕವು. ಬಹುಪಾಲು 63ರಲ್ಲಿ ಸೋರಿ ಸಿಂಕಿಗೆ ಹೋಗಿರುತ್ತವೆ. ಕೆಳಗೊಂದು 38 ಮೈಕ್ರಾನ್ ಜರಡಿ ಇಟ್ಟು, ಎರಡರ ಉಳಿಕೆಯನ್ನೂ ಬೇರೆಬೇರೆಯಾಗಿ ನೋಡಿ. ಹುಡುಕಬೇಕಾದದ್ದು ಪಾರ್ವುಲಾರುಗೋಗ್ಲೋಬಿಜೆರಿನಾ ಯುಗುಬಿನಾ ಎಂಬ ಡೇನಿಯನ್ ಜಾತಿ. ಅದರ ಮೊದಲ ದರ್ಶನಕ್ಕೂ ಕ್ರಿಟೇಶಿಯಸ್ ಜಾತಿಗಳ ಸಾಮೂಹಿಕ ಅಳಿವಿಗೂ ನಡುವಿನ ತೆಳು ಭಾಗವೇ ಪಿ0 ವಲಯ. ಎಷ್ಟೋ ಕಡೆ ಅದು ಕೆಲವೇ ಸೆಂ.ಮೀ. ಇರುವುದರಿಂದ 10 ಸೆಂ.ಮೀ. ಅಂತರದಲ್ಲಿ ಪೂರ್ತಿ ತಪ್ಪಿಹೋಗಬಹುದು. ಗಡಿಯ ಆಚೀಚೆ 1–2 ಸೆಂ.ಮೀ.ಗೊಂದು ತೆಗೆಯಿರಿ. ಸವೆದ ಮೇಲ್ಮೈ ಅಗೆದು, ಕೆಳಗಿನಿಂದ ಮೇಲಕ್ಕೆ ಹೋಗಿ. ಮೇಲಿನಿಂದ ಶುರುಮಾಡಿದರೆ ಉದುರಿದ ಪುಡಿ ಕೆಳಗಿನ ಸ್ಯಾಂಪಲ್‌ಗೆ ಬೆರೆಯುತ್ತದೆ.

ಉತ್ತರ 2
ತೊಳೆಯುವಾಗಲೂ ಸ್ಯಾಂಪಲ್ ಕೆಡಬಹುದು. 50–100 ಗ್ರಾಂ ಬಟಾಣಿ ಗಾತ್ರಕ್ಕೆ ಒಡೆದು, 60 ಡಿಗ್ರಿ ಒಳಗೆ ಒಣಗಿಸಿ. ಹೈಡ್ರೋಜನ್ ಪೆರಾಕ್ಸೈಡ್ ತೆಳುವಾಗಿರಲಿ, ರಾತ್ರಿಯಿಡೀ ನೆನೆಹಾಕಬೇಡಿ. ಕಲ್ಲಿನಲ್ಲಿ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಇದ್ದರೆ ಅದು ಪೆರಾಕ್ಸೈಡ್ ಜೊತೆ ಸೇರಿ ಆಮ್ಲವಾಗಿ ಚಿಪ್ಪುಗಳನ್ನೇ ಕರಗಿಸುತ್ತದೆ. ಆಗ ‘ಖಾಲಿ’ ಎಂದು ಕಂಡದ್ದು ಅಳಿವಲ್ಲ, ನಿಮ್ಮದೇ ಕೈಕೆಲಸ. ಅಂಥ ಕಲ್ಲಿಗೆ ಸೀಮೆಎಣ್ಣೆ ಮೇಲು: ಪೂರ್ತಿ ಒಣಗಿಸಿ ಎಣ್ಣೆ ಹೀರಲು ಬಿಡಿ, ಉಳಿದದ್ದನ್ನು ಬಸಿದು ನೀರು ಹಾಕಿ, ಕಲ್ಲು ತಾನಾಗಿ ಬಿರಿಯುತ್ತದೆ. ತೇವ ಉಳಿದಿದ್ದರೆ ಎಣ್ಣೆ ಒಳಗಿಳಿಯದು.

ಪ್ರತಿ ಸ್ಯಾಂಪಲ್ ಆದಮೇಲೆ ಜರಡಿಯನ್ನು ಮಿಥಿಲಿನ್ ಬ್ಲೂನಲ್ಲಿ ಅದ್ದಿ ತೊಳೆಯಿರಿ. ಮುಂದಿನ ಸ್ಯಾಂಪಲ್‌ನಲ್ಲಿ ನೀಲಿ ಚಿಪ್ಪು ಕಂಡರೆ ಅದು ಹಿಂದಿನದರ ಉಳಿಕೆ, ಎಣಿಕೆಗೆ ಸೇರಿಸಬಾರದು. ನಿಮ್ಮ ‘ಅಲ್ಲೊಂದು ಇಲ್ಲೊಂದು’ ಗ್ಲೋಬೋಟ್ರಂಕಾನಾಗಳಲ್ಲಿ ಕೆಲವಾದರೂ ಇದೇ ಇರಬಹುದು. ಮಿಕ್ಕವು ಹಳೆಯ ಪದರ ಕೊರೆದು ಮತ್ತೆ ಶೇಖರವಾದವೋ ಎಂದು ನೋಡಲು ಚಿಪ್ಪಿನ ಬಣ್ಣ, ಸವೆತ ಗಮನಿಸಿ. ಅನುಮಾನ ಉಳಿದರೆ ಚಿಪ್ಪಿನ ಕಾರ್ಬನ್ ಐಸೋಟೋಪ್ (ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣು) ಅಳೆಸಿ. ಗಡಿಯ ನಂತರ ಬದುಕಿದ್ದ ಜೀವಿಯ ಚಿಪ್ಪಾದರೆ ಅದರಲ್ಲಿ ಕಾರ್ಬನ್-13 ಇಳಿದಿರಬೇಕು. ಇಳಿದಿಲ್ಲವೆಂದರೆ ಅದು ಕೆಳಗಿನಿಂದ ಬಂದದ್ದು.

ಉತ್ತರ 3
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಅಪರೂಪದ ಜಾತಿಗಳು ನಿಜವಾಗಿ ಅಳಿಯುವ ಮುನ್ನವೇ ದಾಖಲೆಯಿಂದ ಮರೆಯಾಗುತ್ತವೆ. ಸಿಗ್ನರ್–ಲಿಪ್ಸ್ ಪರಿಣಾಮ ಎನ್ನುವುದು ಇದನ್ನೇ. ಹಾಗಾಗಿ ಒಂದು ಜಾತಿಯ ಕೊನೆಯ ಚಿಪ್ಪನ್ನು ನಂಬಬೇಡಿ. ಸ್ಯಾಂಪಲ್‌ಗೆ ಕನಿಷ್ಠ 300 ಚಿಪ್ಪು ಎಣಿಸಿ.

ಗ್ಯುಂಬೆಲಿಟ್ರಿಯಾ ಎಂಬ ಚಿಕ್ಕ ಫೊರಾಮ್ ಒಂದೇ ತುಂಬಿದ್ದರೂ ಗಡಿ ಎಂದು ಬರೆಯಬೇಡಿ. ಮೇಘಾಲಯದ ಉಮ್ ಸೋಹ್ರಿಂಕ್ಯೂನಲ್ಲಿ ಅದು ಗಡಿಗಿಂತ ಕೆಳಗೇ ಮೆರೆದಿದೆ, ಅದಕ್ಕೆ ಡೆಕ್ಕನ್ ಜ್ವಾಲಾಮುಖಿಯನ್ನು ಹೊಣೆಮಾಡುತ್ತಾರೆ. ಟ್ಯುನೀಷಿಯಾದ ಎಲ್ ಕೆಫ್‌ನಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿದ ಗಡಿ ಇರುವುದು ಕಪ್ಪು ಜೇಡಿಯ ತಳದಲ್ಲಿ, ಕೆಲವೇ ಮಿ.ಮೀ. ದಪ್ಪದ ತುಕ್ಕುಬಣ್ಣದ ಪದರದಲ್ಲಿ. ಇರಿಡಿಯಂ (ಉಲ್ಕೆಗಳಲ್ಲಿ ಹೆಚ್ಚಿರುವ ಲೋಹ) ಏರಿಕೆಯೂ ಅಲ್ಲೇ. ನಿಮ್ಮಲ್ಲಿ ಅಂಥ ಪದರವಿದೆಯೇ ನೋಡಿ.

ಕೊರೆಬಾವಿಯ ಪುಡಿಯಾದರೆ ಲೆಕ್ಕ ತಿರುಗುಮುರುಗು: ಮೇಲಿನ ಕಲ್ಲು ಕುಸಿದು ಕೆಳಗೆ ಬೆರೆಯುವುದರಿಂದ ಯುಗುಬಿನಾದ ಮೊದಲ ದರ್ಶನ ಅಲ್ಲಿ ಕೆಲಸಕ್ಕೆ ಬಾರದು, ಕ್ರಿಟೇಶಿಯಸ್ ಜಾತಿಗಳ ಮೇಲ್ತುದಿಯನ್ನೇ ಹಿಡಿಯಬೇಕು.