ಪದಚರ್ಚೆ: ಪೆಲೊಪೊನೀಸ್ ‘ಪರ್ಯಾಯ ದ್ವೀಪ’ವೇ? (ಪುಟ ನಾಡಿದ್ದು ಅಚ್ಚಿಗೆ ಹೋಗಬೇಕು)

ಪ್ರಶ್ನೆ

ಮಾನ್ಯರೇ,

ಮಕ್ಕಳಿಗಾಗಿ ಸಿದ್ಧವಾಗುತ್ತಿರುವ ಭೂಪಟದ ಪುಸ್ತಕವೊಂದರಲ್ಲಿ ಗ್ರೀಸ್ ದೇಶದ ಪುಟವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ದೇಶದ ದಕ್ಷಿಣಕ್ಕೆ ಬೆರಳು ಚಾಚಿದ ಹಸ್ತದಂತೆ ಕಾಣುವ ಪೆಲೊಪೊನೀಸಿನ ಮೇಲೆ, ನಾವೆಲ್ಲರೂ ಶಾಲೆಯಲ್ಲಿ ಕಲಿತಂತೆ, ‘ಪರ್ಯಾಯ ದ್ವೀಪ’ ಎಂದು ಬರೆದಿದ್ದೆ. ಕರಡನ್ನು ಓದಿದ ನನ್ನ ಅಣ್ಣನ ಮಗಳು, ಏಳನೆಯ ತರಗತಿಯವಳು, “ಇದು ಪರ್ಯಾಯ ಅಂದರೆ, ನಿಜವಾದ ದ್ವೀಪ ಎಲ್ಲಿ ಹೋಯಿತು ಚಿಕ್ಕಪ್ಪ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಇದಕ್ಕಿಂತ ಒಳ್ಳೆಯ ಪದವಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ಸಣ್ಣ ಸಂಶಯವೂ ಇದೆ. ಅದೇ ಪುಟದಲ್ಲಿ ‘ಭೂಮಧ್ಯ ಸಮುದ್ರದ ವಾಯುಗುಣ’ ಎಂದೂ ‘ಇಲ್ಲಿ ಚಳಿಗಾಲವೇ ಮಳೆಗಾಲ’ ಎಂದೂ ಬರೆದಿದ್ದೆ. ಸಂಪಾದಕರು ಎರಡರ ಕೆಳಗೂ ಕೆಂಪು ಗೆರೆ ಎಳೆದಿದ್ದಾರೆ.

ಮೊದಲ ಉತ್ತರ

‘ಪರ್ಯಾಯ ದ್ವೀಪ’ವನ್ನು ಕೂಡಲೇ ಕೈಬಿಡಿ. ಉಡುಪಿಯ ಅಷ್ಟಮಠಗಳಲ್ಲಿ ಎರಡು ವರ್ಷಕ್ಕೊಮ್ಮೆ ಪೂಜೆಯ ಸರದಿ ಬದಲಾಗುವುದು ಪರ್ಯಾಯವೇ ಹೊರತು, ಮೂರು ಕಡೆ ನೀರಿರುವ ನೆಲ ಪರ್ಯಾಯವಲ್ಲ. ಹಿಂದಿಯವರು ‘ಪ್ರಾಯದ್ವೀಪ’ ಎನ್ನುತ್ತಾರೆ; ‘ಮೃತಪ್ರಾಯ’ದಲ್ಲಿರುವ ‘ಬಹುಮಟ್ಟಿಗೆ’ ಎಂಬ ಅರ್ಥವೇ ಅಲ್ಲಿಯೂ ಇದೆ. ಆ ‘ಪ್ರಾಯ’ವೇ ಯಾರದೋ ಕೈತಪ್ಪಿನಿಂದ ನಮ್ಮಲ್ಲಿ ‘ಪರ್ಯಾಯ’ವಾಯಿತೆಂಬುದು ನನ್ನ ಬಹುಕಾಲದ ಗುಮಾನಿ. ಹಾಗೆಂದು ಈಗ ‘ಪ್ರಾಯದ್ವೀಪ’ ಎಂದು ತಿದ್ದಿದರೆ ಅದು ಹರೆಯದವರು ವಿಹಾರಕ್ಕೆ ಹೋಗುವ ತಾಣವೆಂದು ಮಕ್ಕಳು ತಿಳಿದಾರು.

ಸರಿಯಾದ ಪದ ‘ದ್ವೀಪಕಲ್ಪ’. ‘ಈಷದಸಮಾಪ್ತೌ ಕಲ್ಪಬ್ದೇಶ್ಯದೇಶೀಯರಃ’ (5.3.67) ಎಂಬ ಪಾಣಿನಿಯ ಸೂತ್ರದಂತೆ, ಯಾವುದಾದರೊಂದು ಇನ್ನೇನು ಪೂರ್ತಿಯಾಗಬೇಕು, ಕೊಂಚ ಉಳಿದಿದೆ ಎನ್ನುವಲ್ಲಿ ‘ಕಲ್ಪ’ ಸೇರುತ್ತದೆ. ಪೆಲೊಪೊನೀಸನ್ನು ಗ್ರೀಸಿನ ಉಳಿದ ನೆಲಕ್ಕೆ ಅಂಟಿಸಿರುವುದು ಆರು ಕಿಲೋಮೀಟರಿನಷ್ಟು ಅಗಲದ ಕೊರಿಂತ್ ಭೂಸಂಧಿ ಮಾತ್ರವಾದ್ದರಿಂದ, ಈ ಪ್ರತ್ಯಯಕ್ಕೆ ಇದಕ್ಕಿಂತ ತಕ್ಕ ನೆಲ ಭೂಪಟದಲ್ಲಿ ಸಿಗುವುದು ಕಷ್ಟ. ತೆಲುಗು, ಮರಾಠಿಗಳಲ್ಲಿ ಈ ಪದವೇ ರೂಢಿಯಲ್ಲಿದೆ, ತಮಿಳಿನ ‘ತೀಬಕಱ್ಪಂ’ ಕೂಡ ಇದೇ. ಸುತ್ತಲಿನವರೆಲ್ಲ ಸರಿಯಾಗಿ ಹೇಳುವುದನ್ನು ನಾವೊಬ್ಬರೇ ತಪ್ಪಾಗಿ ಹೇಳುತ್ತಿದ್ದೇವೆ.

ಎರಡನೆಯ ಉತ್ತರ

ಮೇಲಿನವರು ಕೈತಪ್ಪು ಎಂದಿದ್ದಕ್ಕೆ ಆಧಾರವಿದ್ದರೆ ಕೊಡಲಿ, ಇಲ್ಲದಿದ್ದರೆ ಹಿಂದಕ್ಕೆ ತೆಗೆದುಕೊಳ್ಳಲಿ. ‘ಪರಿ’ ಎಂದರೆ ಸುತ್ತ, ‘ಇ’ ಧಾತುವಿಗೆ ಹೋಗು ಎಂದರ್ಥ; ನೀರು ಸುತ್ತುವರಿದ ನೆಲವೇ ಪರ್ಯಾಯ ದ್ವೀಪ ಎಂದು ಯಾರಾದರೂ ಸಮರ್ಥಿಸಬಹುದು. (ಪೂರ್ತಿ ಸುತ್ತಿದರೆ ಅದು ದ್ವೀಪವೇ ಆಗುತ್ತದೆ ಎಂಬುದು ನನಗೂ ಗೊತ್ತು, ಬರೆಯುವುದು ಬೇಡ.)

ನನ್ನ ತಕರಾರು ‘ದ್ವೀಪ’ದ ಮೇಲೆಯೇ ಇದೆ. ಅದು ದ್ವಿ ಮತ್ತು ಅಪ್ ಸೇರಿ ಆದ ಪದ, ಎಂದರೆ ಎರಡು ಕಡೆ ನೀರುಳ್ಳದ್ದು. ‘ದ್ವ್ಯಂತರುಪಸರ್ಗೇಭ್ಯೋಽಪ ಈತ್’ ಎಂಬ ಸೂತ್ರವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ವ್ಯುತ್ಪತ್ತಿಯನ್ನೇ ಹಿಡಿದು ಹೊರಟರೆ ಮೂರು ಕಡೆ ನೀರಿರುವ ಪೆಲೊಪೊನೀಸ್ ದ್ವೀಪಕ್ಕಿಂತ ಕಡಿಮೆಯಲ್ಲ, ಒಂದು ಕೈ ಹೆಚ್ಚೇ ಆಗಬೇಕು! ಗ್ರೀಕರ ಕಥೆಯೂ ಇದೇ. ‘ಪೆಲೊಪೊನ್ನೆಸೋಸ್’ ಎಂದರೆ ಪೆಲೊಪ್ಸನ ದ್ವೀಪ. ಭೂಸಂಧಿಯ ಮೇಲೆ ನಡೆದಾಡುತ್ತಲೇ ಅವರು ಅದನ್ನು ದ್ವೀಪವೆಂದು ಕರೆದರು. ಇಂಥ ನೆಲಕ್ಕೆ ಅವರಲ್ಲಿದ್ದ ಸಾಮಾನ್ಯ ಪದ ‘ಖೆರ್ಸೊನೆಸೋಸ್’, ಎಂದರೆ ಒಣನೆಲದ ದ್ವೀಪ. ‘ಕಲ್ಪ’ವೂ ಇಲ್ಲ, ‘ಪ್ರಾಯ’ವೂ ಇಲ್ಲ.

ಆದ್ದರಿಂದ ಕನ್ನಡದಲ್ಲಿಯೇ ಹುಡುಕಿ. ಹೊಳೆಯ ನಡುವಿನ ನೆಲಕ್ಕೆ ಕರಾವಳಿಯಲ್ಲಿ ಕುದ್ರು ಎನ್ನುತ್ತಾರೆ, ಹಳಗನ್ನಡದಲ್ಲಿ ಕುರುವ ಇದೆ, ನಡುಗಡ್ಡೆಯಂತೂ ಎಲ್ಲರ ಬಾಯಲ್ಲಿದೆ. ‘ಮೂನೀರುಗಡ್ಡೆ’ ಎಂದರೆ ಮಗುವಿಗೆ ಯಾರೂ ವಿವರಿಸಬೇಕಾಗುವುದಿಲ್ಲ. ಮುನ್ನೀರು ಎಂಬ ಪದದಲ್ಲಿ ಮೂರು ನೀರುಗಳಿವೆ ಎಂಬುದನ್ನು ನೆನೆದರೆ ಇದರ ಸೊಗಸು ಇನ್ನೂ ಹೆಚ್ಚುತ್ತದೆ.

ಮೊದಲ ಉತ್ತರದವರಿಂದ

ಮುನ್ನೀರು ಎಂದರೆ ಸಮುದ್ರ. ಅದರಲ್ಲಿ ಮೂರನ್ನು ಎಣಿಸುವುದು ಪದವನ್ನು ಓದುವ ಕ್ರಮವಲ್ಲ. ಗಡ್ಡೆ ಎಂದರೆ ಮಕ್ಕಳಿಗೆ ಆಲೂಗಡ್ಡೆ.

ಮೂರನೆಯ ಉತ್ತರ

ಇಬ್ಬರೂ ಭೂಪಟವನ್ನು ಬಿಡಿಸಿ ನೋಡಿದಂತೆ ಕಾಣಲಿಲ್ಲ. ಕೊರಿಂತ್ ಭೂಸಂಧಿಯನ್ನು ಸೀಳಿ ಕಾಲುವೆ ತೋಡಿ 1893ರಲ್ಲಿಯೇ ಹಡಗು ಬಿಟ್ಟಾಗಿದೆ. ಇಂದು ಪೆಲೊಪೊನೀಸಿಗೆ ಹೋಗುವವರು ಸೇತುವೆಯನ್ನೋ ಕಡಲನ್ನೋ ದಾಟಬೇಕು. ಕಟ್ಟುನಿಟ್ಟಾಗಿ ಹೇಳುವುದಾದರೆ ಅದೀಗ ದ್ವೀಪವೇ; ಆದರೂ ಮನುಷ್ಯ ತೋಡಿದ ಕಾಲುವೆಯಿಂದ ಭೂರೂಪದ ಹೆಸರು ಬದಲಾಗದೆಂಬ ರೂಢಿಯಿಂದ ಭೂಗೋಳದವರು ಅದನ್ನು ಹಳೆಯ ಹೆಸರಿನಲ್ಲೇ ಉಳಿಸಿಕೊಂಡಿದ್ದಾರೆ. ಹಾಗಾಗಿ ಅನುವಾದಕರು ಆ ಒಂದು ಸ್ಥಳದ ಚಂದವನ್ನು ನೋಡಿ ಪದವನ್ನು ಆರಿಸಬಾರದು. ಉತ್ತರದಲ್ಲಿ ಏಜಿಯನ್ ಸಮುದ್ರಕ್ಕೆ ಮೂರು ಬೆರಳುಗಳನ್ನು ಚಾಚಿರುವ ಹಾಲ್ಕಿಡಿಕಿಗೂ ಅದೇ ಪದ ಹೊಂದಬೇಕು.

ನಾನು ಭೂಗೋಳ ಪಾಠ ಮಾಡಿದವನು. ‘ಪರ್ಯಾಯ ದ್ವೀಪ’ದಿಂದ ಆಗಿರುವ ಹಾನಿ ನಿಮ್ಮ ಮನೆಯ ಹುಡುಗಿಯ ಪ್ರಶ್ನೆಗಿಂತ ದೊಡ್ಡದು: ದಖ್ಖನ್ನಿನ ಪಾಠದಲ್ಲಿ ದ್ವೀಪವೂ ಬಿದ್ದುಹೋಗಿ ‘ಪರ್ಯಾಯ ಪ್ರಸ್ಥಭೂಮಿ’ ಎಂಬುದು ಮಾತ್ರ ಉಳಿದಿದೆ. ಅದನ್ನು ಬಾಯಿಪಾಠ ಮಾಡಿದ ಮಕ್ಕಳಲ್ಲಿ ಯಾರೊಬ್ಬರೂ ಅದರಲ್ಲಿ ಸಮುದ್ರವನ್ನು ಕಂಡದ್ದು ನನ್ನ ಅನುಭವದಲ್ಲಿ ಇಲ್ಲ. ಆದರೂ ಪರೀಕ್ಷೆಯಲ್ಲಿ ಬರುವ ಪದ ಅದೇ. ನಾಡಿದ್ದು ಅಚ್ಚಿಗೆ ಹೋಗುವ ಪುಟದಲ್ಲಿ ನೀವೊಬ್ಬರೇ ಅದನ್ನು ಬದಲಿಸಿದರೆ ಮಗು ಎರಡು ಪುಸ್ತಕಗಳ ನಡುವೆ ಸಿಕ್ಕಿಬೀಳುತ್ತದೆ. ಪದವನ್ನು ಉಳಿಸಿ, ಪಕ್ಕದಲ್ಲಿ ‘ಮೂರು ಕಡೆ ನೀರಿರುವ ನೆಲ’ ಎಂದು ಬರೆಯಿರಿ.

ವಾಯುಗುಣದ ವಿಷಯದಲ್ಲಿ ಸಂಪಾದಕರ ಒಂದು ಗೆರೆ ಸರಿ, ಇನ್ನೊಂದು ತಪ್ಪು. ಭೂಮಧ್ಯರೇಖೆಯನ್ನು ಆಗಲೇ ಕಲಿತಿರುವ ಮಗು ‘ಭೂಮಧ್ಯ ಸಮುದ್ರ’ವನ್ನು ಅದರ ಮೇಲೆಯೇ ಕೂರಿಸುತ್ತದೆ, ಗ್ರೀಸ್ ಇರುವುದು ಸುಮಾರು 35ರಿಂದ 42 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ಮೆಡಿಟರೇನಿಯನ್ ಎಂದೇ ಬರೆಯಿರಿ. ‘ಚಳಿಗಾಲವೇ ಮಳೆಗಾಲ’ ಎಂಬುದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಬೇಸಿಗೆಯಲ್ಲಿ ಉಪೋಷ್ಣವಲಯದ ಅಧಿಕ ಒತ್ತಡದ ಪಟ್ಟಿ ಉತ್ತರಕ್ಕೆ ಸರಿದು ಮೋಡ ಕಟ್ಟಲು ಬಿಡುವುದಿಲ್ಲ, ಚಳಿಗಾಲದಲ್ಲಿ ಅದು ದಕ್ಷಿಣಕ್ಕೆ ಸರಿದಾಗ ಪಶ್ಚಿಮದ ಗಾಳಿ ಮಳೆ ತರುತ್ತದೆ. ಆ ಗಾಳಿಯನ್ನು ಪಿಂಡಸ್ ಬೆಟ್ಟಸಾಲು ತಡೆಯುವುದರಿಂದ ಪಶ್ಚಿಮದ ಕೊರ್ಫು ದ್ವೀಪದಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ಪೂರ್ವದ ಅಥೆನ್ಸಿನಲ್ಲಿ ಸುಮಾರು 400 ಮಾತ್ರ. ಇದಕ್ಕೆ ನಮ್ಮಲ್ಲಿ ‘ಮಳೆನೆರಳು’ ಎಂಬ ಸೊಗಸಾದ ಪದವಿದೆ. ಆಗುಂಬೆಯನ್ನೂ ಚಿತ್ರದುರ್ಗವನ್ನೂ ಬಲ್ಲ ಮಗುವಿಗೆ ವಿವರಣೆ ಬೇಡ. ಇದನ್ನು ಕೂಡಿಸಿದವರು ಪಾಣಿನಿಯನ್ನೂ ಕೇಳಲಿಲ್ಲ, ಕುರುವವನ್ನೂ ಹುಡುಕಲಿಲ್ಲ.

ಎರಡನೆಯ ಉತ್ತರದವರಿಂದ

ಮಳೆನೆರಳು ಅಚ್ಚಕನ್ನಡ ಎಂಬುದನ್ನು ತಾವೇ ಒಪ್ಪಿದ್ದಕ್ಕೆ ವಂದನೆಗಳು. ಆದರೆ ಮೆಡಿಟರೇನಿಯನ್ ಎಂಬ ಎರವಲಿಗೆ ಇಷ್ಟು ಬೇಗ ಏಕೆ ಮಣಿಯಬೇಕು? ಲ್ಯಾಟಿನ್ನಿನಲ್ಲಿ ಅದರರ್ಥ ನೆಲಗಳ ನಡುವಿನದು ಎಂದು. ಇಂದಿನ ಗ್ರೀಕರು ಕೂಡ ಲ್ಯಾಟಿನ್ ಪದವನ್ನು ಹಾಗೆಯೇ ನುಂಗದೆ ತಮ್ಮ ಮಾತಿನಲ್ಲಿ ‘ಮೆಸೊಗಿಯೋಸ್’ ಎನ್ನುತ್ತಾರೆ. ಆ ಕಡಲ ದಂಡೆಯವರಿಗೇ ಬೇಡವಾದ ಪದವನ್ನು ನಾವು ಏಕೆ ಹೊರಬೇಕು? ‘ನಡುನೆಲಗಡಲು’ ಎನ್ನಲು ನಾಲಿಗೆಗೇನು ಕಷ್ಟ?

ಮೊದಲ ಉತ್ತರದವರಿಂದ

ಕಷ್ಟ ನಾಲಿಗೆಗಲ್ಲ, ಕಿವಿಗೆ. ‘ಚಳಿಗಾಲವೇ ಮಳೆಗಾಲ’ಕ್ಕೆ ಮಾತ್ರ ನನ್ನ ಒಪ್ಪಿಗೆಯಿದೆ. ಹಳೆಯ ಗ್ರೀಕಿನಲ್ಲಿ ‘ಖೆಯ್ಮೋನ್’ ಎಂದರೆ ಚಳಿಗಾಲವೂ ಹೌದು, ಬಿರುಗಾಳಿಮಳೆಯೂ ಹೌದು. ನಮ್ಮ ಹಿಮ, ಹೇಮಂತಗಳಿಗೆ ಅದು ದಾಯಾದಿ. ದ್ವೀಪಕಲ್ಪದ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಕಳುಹಿಸಿದ ಪಾಠ ಹೀಗಿದೆ: “ಪೆಲೊಪೊನೀಸ್ ಮೂರು ಕಡೆ ಕಡಲಿರುವ ನೆಲ, ಎಂದರೆ ಪರ್ಯಾಯ ದ್ವೀಪ. ನಾಲ್ಕನೆಯ ಕಡೆಯಲ್ಲಿ 1893ರಿಂದ ಕೊರಿಂತ್ ಕಾಲುವೆಯಿದೆ. ಮೆಡಿಟರೇನಿಯನ್ ವಾಯುಗುಣದ ಈ ನಾಡಿನಲ್ಲಿ ಚಳಿಗಾಲವೇ ಮಳೆಗಾಲ. ಅಥೆನ್ಸ್ ಪಿಂಡಸ್ ಬೆಟ್ಟಗಳ ಮಳೆನೆರಳಿನಲ್ಲಿದೆ.” ಸಂಪಾದಕರು ಒಪ್ಪಿದ್ದಾರೆ. ಹುಡುಗಿ ಓದಿ, “ನಾಲ್ಕನೆಯ ಕಡೆಯೂ ನೀರಿದ್ದರೆ ದ್ವೀಪ ಅಂತಲೇ ಬರೆಯಬಹುದಿತ್ತಲ್ಲ ಚಿಕ್ಕಪ್ಪ” ಎಂದಳು.